ಬಾಯಾರಿಕೆಯಿಲ್ಲದ ಮನೆ

ಯಾರಿಗೆ ಎಷ್ಟು ಬಾಯಾರಿಕೆಯಾಗಿದೆ ಎಂಬುದನ್ನು ಕೇಳದೆಯೇ ತಿಳಿದುಕೊಳ್ಳುವ ಯಂತ್ರವೊಂದಿದ್ದರೆ ನೀರು ಹಂಚುವವರ ಕೆಲಸ ಎಷ್ಟು ಹಗುರವಾಗುತ್ತಿತ್ತು! ವಿದ್ಯುತ್ ಹಂಚಿಕೆ ಕೇಂದ್ರದ ಎಂಜಿನಿಯರ್ ನೀಲಗಂಗಾ ಕರೆಂಟಿಗೆ ಅಂಥದೊಂದು ಯಂತ್ರವನ್ನು ಕಟ್ಟಿದ್ದಳು.

ಆ ಹೊತ್ತಿಗಾಗಲೇ ಗದಗ ಬೆಟಗೇರಿ ಜೋಡಿ ಊರಿಗೆ ಬರುತ್ತಿದ್ದ ವಿದ್ಯುತ್ತೆಲ್ಲ ಗಾಳಿ ಮತ್ತು ಬಿಸಿಲಿನದು. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುವಷ್ಟು ಹೊತ್ತು ಎಲ್ಲ ಸರಿ. ಗಾಳಿ ಬಿದ್ದುಹೋಗಿ ಮೇಲೆ ಮೋಡವೂ ಕವಿಯಿತೆಂದರೆ ಊರಿಗೆ ಬೇಕಾದದ್ದರಲ್ಲಿ ಅರ್ಧ ಸಿಕ್ಕರೆ ಪುಣ್ಯ. ಮೊದಲೆಲ್ಲ ಓಣಿಗೆ ಓಣಿಯನ್ನೇ ಕತ್ತಲೆಗೆ ದೂಡುತ್ತಿದ್ದರು. ಬೀಗ ಹಾಕಿದ ಮನೆಗೂ ಬಾಣಂತಿ ಮಲಗಿದ ಮನೆಗೂ ಒಂದೇ ಶಿಕ್ಷೆ. ಇದು ತಪ್ಪೆಂದು ನೀಲಗಂಗಾಳಿಗೆ ಕಾಲೇಜಿನ ದಿನಗಳಿಂದಲೂ ಅನ್ನಿಸುತ್ತಿತ್ತು. ಅವಳು ಮಾಡಿದ್ದು ಇಷ್ಟೆ: ಪ್ರತಿ ಮನೆಯ ಮೀಟರಿನೊಳಗೂ ದೂರದಿಂದಲೇ ಮುಚ್ಚಿ ತೆರೆಯಬಹುದಾದ ಒಂದು ಪುಟ್ಟ ಬಾಗಿಲನ್ನಿಟ್ಟಳು. ಯಾವ ಬಾಗಿಲನ್ನು ಎಷ್ಟು ಹೊತ್ತು ಮುಚ್ಚಬೇಕೆಂಬುದನ್ನು ಒಂದು ಅಂಕಿಯ ಕೈಗೆ ಕೊಟ್ಟಳು. ಆ ಅಂಕಿಗೆ ಅವಳಿಟ್ಟ ಹೆಸರು ದಾಹಾಂಕ.

ಬಾಯಾರಿದವನು ನೀರು ಸಿಕ್ಕೊಡನೆ ಗಟಗಟನೆ ಕುಡಿಯುತ್ತಾನೆ. ಬಾಯಾರದವನು ಚೊಂಬನ್ನು ಪಕ್ಕಕ್ಕಿಟ್ಟು ಮಾತಾಡುತ್ತ ಕೂರುತ್ತಾನೆ. ಹಾಗೆಯೇ ಕರೆಂಟು ಮರಳಿದ ಮೊದಲ ಮೂರು ನಿಮಿಷ ಮನೆಯೊಂದು ಎಷ್ಟು ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ ಎಂಬುದನ್ನು ಮೀಟರು ನೋಡುತ್ತಿತ್ತು. ಆತುರದಿಂದ ಎಳೆದ ಮನೆಗೆ ಒಂಬತ್ತೋ ಹತ್ತೋ ಅಂಕ. ತಣ್ಣಗೆ ಕೂತ ಮನೆಗೆ ಎರಡು, ಇಲ್ಲವೇ ಒಂದು. ಕೊರತೆ ಬಿದ್ದಾಗ ಅಂಕ ಕಡಿಮೆಯಿರುವ ಮನೆಗಳ ಬಾಗಿಲು ಮೊದಲು ಮುಚ್ಚುತ್ತಿತ್ತು, ಕೊನೆಗೆ ತೆರೆಯುತ್ತಿತ್ತು.

ಇದರಿಂದ ಶಿಫಾರಸಿನ ಕಾಟ ತಪ್ಪಿತ್ತು. ಹಳೆಯ ವ್ಯವಸ್ಥೆಯಲ್ಲಿ ರೋಗಿಗಳಿರುವ ಮನೆಗಳಿಗೆ ವಿನಾಯಿತಿಯ ಪಟ್ಟಿಯೊಂದಿತ್ತು. ಊರಿನ ದೊಡ್ಡವರೊಬ್ಬರ ತೋಟದ ಮನೆಯಲ್ಲಿ ಮೂವರು ಹೃದ್ರೋಗಿಗಳಿದ್ದಾರೆಂದು ಅದರಲ್ಲಿ ಬರೆದಿತ್ತು. ಆ ಮೂವರೂ ದಿನವಿಡೀ ಈಜುಕೊಳದಲ್ಲಿರುತ್ತಿದ್ದರು. ನೀಲಗಂಗಾ ಆ ಪಟ್ಟಿಯನ್ನೇ ಕಿತ್ತುಹಾಕಿದಳು. ಯಾರ ಅಂಕವನ್ನೂ ಯಾರೂ ಕೈಯಿಂದ ತಿದ್ದಲಾಗದಂತೆ ಮಾಡಿದಳು. ತನಗೂ ಆ ಅಧಿಕಾರ ಇಟ್ಟುಕೊಳ್ಳಲಿಲ್ಲ. ಪತ್ರಿಕೆಗಳು ಅದನ್ನೇ ಹೊಗಳಿ ಬರೆದವು.

ಆ ದಿನ ಹಂಚಿಕೆ ಕೇಂದ್ರಕ್ಕೆ ಬೇರೆ ಬೇರೆ ಊರುಗಳ ಎಂಜಿನಿಯರುಗಳು ಬಂದಿದ್ದರು. ಬರುವ ತಿಂಗಳು ಇನ್ನೂ ಹನ್ನೊಂದು ಊರುಗಳಲ್ಲಿ ದಾಹಾಂಕ ಜಾರಿಯಾಗುವುದಿತ್ತು. ಗೋಡೆಯ ತುಂಬ ಹರಡಿದ್ದ ಊರಿನ ನಕ್ಷೆಯಲ್ಲಿ ಮನೆಗೊಂದರಂತೆ ಚುಕ್ಕಿಗಳು ಮಿನುಗುತ್ತಿದ್ದವು. ಗಾಳಿ ನಿಂತಿತ್ತು. ಚುಕ್ಕಿಗಳು ಇಲ್ಲೊಂದು ಅಲ್ಲೊಂದು ನಂದುತ್ತಿದ್ದವು.

"ನೋಡ್ರಿ, ಊರಿನಾಗ ಅರ್ಧ ಕರೆಂಟ್ ಇಲ್ಲ. ಒಂದ ಫೋನ್ ಬಂದೈತೇನು?" ಎಂದು ನಿರ್ದೇಶಕ ಬಳಿಗಾರರು ಬಂದವರೆದುರು ಕೈ ಹರಡಿದರು. "ಬೇಕಾದವರಿಗೆ ಐತಿ, ಬ್ಯಾಡಾದವರಿಗೆ ಇಲ್ಲ. ಅಷ್ಟ."

ಅದೇ ಹೊತ್ತಿಗೆ ನೀಲಗಂಗಾಳ ಮೊಬೈಲು ಅದುರಿತು. ಬೆಟಗೇರಿಯ ದಾನವ್ವತ್ತೆ. ಅಪ್ಪನ ತಂಗಿ, ನೀಲಗಂಗಾ ಹೈಸ್ಕೂಲು ಓದಿದ್ದು ಅವಳ ಮನೆಯಲ್ಲಿದ್ದುಕೊಂಡೇ.

"ನೀಲಾ, ನಿಮ್ಮ ಮಾಮಾನ್ನ ದವಾಖಾನಿಗೆ ಹಾಕೇವಿ. ಗಾಬರಿ ಆಗಬ್ಯಾಡ. ಕೆಲಸಾ ಮುಗಿಸ್ಕೊಂಡ ಬಾ."

ಗಾಬರಿಯಾಗಬೇಡ ಎಂದ ಆ ದನಿಯೇ ಗಾಬರಿ ಹುಟ್ಟಿಸುವಂತಿತ್ತು.

ಆಸ್ಪತ್ರೆಯಲ್ಲಿ ಅತ್ತೆಯ ಗಂಡ ಕೊಟ್ರಪ್ಪ ಮಾಮಾ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ನಲವತ್ತು ವರ್ಷ ಮಗ್ಗದ ಮುಂದೆ ನಿಂತು ಹತ್ತಿಯ ದೂಳು ಕುಡಿದ ಎದೆ ಅದು. ದೀಪಾವಳಿಯಿಂದ ಆಕ್ಸಿಜನ್ ಮಷೀನಿನ ಮೇಲೆಯೇ ಇದ್ದರೆಂಬುದು ನೀಲಗಂಗಾಳಿಗೆ ಗೊತ್ತಾದದ್ದು ಡಾಕ್ಟರ ಬಾಯಿಂದ. ದೀಪಾವಳಿಯ ನಂತರ ಅವಳು ಬೆಟಗೇರಿಗೆ ಹೋಗಿರಲಿಲ್ಲ. ಕಾರಿನಲ್ಲಿ ಹತ್ತು ನಿಮಿಷದ ದಾರಿ.

"ಮಷೀನ್ ನಿಂತಾಗ ಉಸಿರಿಗಂತ ಒಂದು ಸಿಲಿಂಡರ್ ಇಟ್ಟಿದ್ರು. ಕರೆಂಟು ಬಹಳ ಹೊತ್ತು ಬರಲಿಲ್ಲವಂತೆ, ಸಿಲಿಂಡರೂ ಖಾಲಿಯಾಯ್ತು," ಎಂದರು ಡಾಕ್ಟರು. "ಜೀವ ಉಳಿಯುತ್ತೆ. ಆದರೆ ಹೃದಯಕ್ಕೆ ಪೆಟ್ಟು ಬಿದ್ದಿದೆ. ಇನ್ನು ಮೊದಲಿನ ಹಾಗೆ ಎದ್ದು ಓಡಾಡ್ತಾರೆ ಅನ್ನೋ ಆಸೆ ಬೇಡ. ಇರುವಷ್ಟು ದಿನ ಚೆನ್ನಾಗಿ ನೋಡ್ಕೊಳ್ಳಿ."

ಹೊರಗೆ ಬೆಂಚಿನ ಮೇಲೆ ಅತ್ತೆ ಸೆರಗು ಹೊದ್ದು ಕೂತಿದ್ದಳು.

"ಮಷೀನ್ ತಂದದ್ದನ್ನ ನನಗ ಯಾಕ ಹೇಳಲಿಲ್ಲ ಅತ್ತಿ?"

"ಹೆಂಗ ಹೇಳಲೆವ್ವ? ಆ ಆಫೀಸಿನಾಗ ಕುಂತಾಕಿ ನೀನು. ಹೇಳಿದ್ರ ಕರೆಂಟ್ ಕೇಳಿದಂಗ ಆಗ್ತೈತಲ್ಲ. ನಮ್ಮ ನೀಲಾ ಯಾರ ಶಿಫಾರಸೂ ನಡಸಂಗಿಲ್ಲಂತ ಪೇಪರಿನಾಗ ಬಂದಿತ್ತು. ನಾನ ಓಣಿಗೆಲ್ಲ ಓದಿ ಹೇಳೇನಿ."

ನೀಲಗಂಗಾಳಿಗೆ ಆ ಬೆಂಚಿನ ಮೇಲೆ ಕೂರಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಕೇಂದ್ರದಲ್ಲಿ ಅತ್ತೆಯ ಮನೆಯ ಚುಕ್ಕಿಯನ್ನು ಹುಡುಕಿ ತೆಗೆದಳು. ಪಕ್ಕದಲ್ಲಿ ಜೊತೆಯ ಎಂಜಿನಿಯರ್ ಇಮ್ತಿಯಾಜ್ ಇದ್ದ. ದಾಹಾಂಕ ಕಟ್ಟಿದವರಲ್ಲಿ ಅವನೂ ಒಬ್ಬ.

ಚುಕ್ಕಿಯ ಕೆಳಗೆ ಅಂಕ ಒಂದು ಎಂದಿತ್ತು. ತಿಂಗಳುಗಳಿಂದಲೂ ಒಂದೇ.

"ಒಂದು ಅಂದ್ರ ಬೀಗ ಹಾಕಿದ ಮನಿ ಮೇಡಂ," ಎಂದ ಇಮ್ತಿಯಾಜ್. "ಒಳಗ ಯಾರೂ ಇಲ್ಲಂತ ತಿಳದೈತಿ ನಮ್ಮ ಮೀಟರ್."

"ಒಳಗ ಒಬ್ಬರು ಮಷೀನ್ ಹಚ್ಚಿಕೊಂಡು ಉಸಿರಾಡ್ತಿದ್ರು ಇಮ್ತಿಯಾಜ್. ಕರೆಂಟ್ ಬಂದ ಕೂಡ್ಲೇ ಅದನ್ನ ಹಚ್ಚಿರಬೇಕಲ್ಲ? ಮೀಟರ್ ಕೆಟ್ಟೈತೇನು?"

ಅವನು ಪರೀಕ್ಷಿಸಿ ನೋಡಿದ. ಮೀಟರು ಕೆಟ್ಟಿರಲಿಲ್ಲ. ಕರೆಂಟು ಮರಳಿದಾಗಲೆಲ್ಲ ಆ ಮನೆ ಮೊದಲ ಮೂರು ನಿಮಿಷ ಒಂದು ಬಲ್ಬಿನಷ್ಟನ್ನೂ ಎಳೆದುಕೊಂಡಿರಲಿಲ್ಲ.

"ಸದ್ಯಕ್ಕ ಕೈಯಿಂದ ಏರಿಸಿಬಿಡೋಣು," ಎಂದುಬಿಟ್ಟಳು ನೀಲಗಂಗಾ. ಅಂದ ಮೇಲೆ ಅವಳಿಗೇ ನೆನಪಾಯಿತು. ಹಾಗೆ ಏರಿಸುವ ದಾರಿಯನ್ನು ಮುಚ್ಚಿಸಿದವಳು ಅವಳೇ.

ಮಾಮಾನನ್ನು ಮನೆಗೆ ಕಳಿಸಿದ ದಿನ ಅವಳು ತನ್ನ ಮನೆಯ ಇನ್ವರ್ಟರನ್ನೂ ಬ್ಯಾಟರಿಯನ್ನೂ ಕಾರಿನಲ್ಲಿ ಹೇರಿಕೊಂಡು ಬೆಟಗೇರಿಗೆ ಹೋದಳು. ನೇಕಾರರ ಓಣಿ ಬದಲಾಗಿರಲಿಲ್ಲ. ಎರಡೂ ಕಡೆ ಕರೆಂಟಿನ ಮಗ್ಗಗಳ ಖಡಖಡ. ಅದರ ಮೇಲೆ ದನಿಯೆತ್ತಿ ಮಾತಾಡುವ ಜನ. ಮಾಮಾ ಪಡಸಾಲೆಯ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಮೂಗಿನಲ್ಲಿ ನಳಿಕೆ.

"ನೋಡಿದ್ಯಾ ನೀಲಾ," ಎಂದರು ಉಸಿರು ಹಿಡಿದು ಹಿಡಿದು. "ಲಗ್ನ ಆದಾಗಿಂದ ಹೊಂಚು ಹಾಕಿದ್ಲು ನಿಮ್ಮತ್ತಿ. ಕಡೀಗೂ ಮೂಗದಾರ ಹಾಕಿಬಿಟ್ಲು."

"ಹಾಕಿದ್ರೇನಾತು, ಎತ್ತು ಸುಮ್ಮ ಎಲ್ಲೆ ನಿಂತೈತಿ?" ಎಂದಳು ಅತ್ತೆ. "ಡಾಕ್ಟರ್ ಮಾತಾಡಬ್ಯಾಡಂದಾರ. ಬಾಯಿ ಮುಚ್ಚರಿ."

ನೀಲಗಂಗಾ ಇನ್ನೂ ತಂತಿ ಜೋಡಿಸುತ್ತಿರುವಾಗಲೇ ಕರೆಂಟು ಹೋಯಿತು. ಓಣಿಯ ಖಡಖಡವೆಲ್ಲ ಒಮ್ಮೆಗೇ ನಿಂತಿತು. ಮಷೀನು ಒಮ್ಮೆ ಕಿರುಚಿ ಸುಮ್ಮನಾಯಿತು. ಅತ್ತೆ ಸಿಲಿಂಡರಿನ ತಿರುಪು ತೆರೆದು ನಳಿಕೆಯನ್ನು ಅದಕ್ಕೆ ಬದಲಿಸಿದಳು. ಅದೇ ಓಟದಲ್ಲಿ ಬಾಗಿಲ ಬಳಿಯ ಕಬ್ಬಿಣದ ಪೆಟ್ಟಿಗೆಗೆ ಕೈಹಾಕಿ ಮೇನ್ ಸ್ವಿಚ್ಚನ್ನು ಕೆಳಕ್ಕೆಳೆದಳು. ಖಟ್. ಆಚೆ ಮನೆಯಿಂದಲೂ ಖಟ್. ಅದರಾಚೆಯಿಂದಲೂ. ಓಣಿಯುದ್ದಕ್ಕೂ ಆ ಸದ್ದು ಮನೆಯಿಂದ ಮನೆಗೆ ಸರಿದುಹೋಯಿತು.

ಆ ದಿನ ಗಾಳಿ ಬೇಗ ತಿರುಗಿ ಬಂತು. ಮೀಟರಿನ ಹಸಿರು ದೀಪ ಹೊತ್ತಿತು. ಅತ್ತೆ ಅದನ್ನು ನೋಡಿದಳು, ಏಳಲಿಲ್ಲ.

"ಕರೆಂಟ್ ಬಂತಲ್ಲ ಅತ್ತಿ, ಹಾಕು."

"ತಡಿ, ನಿಲ್ಲಲಿ. ಬಂದಾಗ ಒಮ್ಮೆಲೇ ಜೋರ್ ಬರ್ತೈತಿ. ಬಾಡಿಗಿ ಮಷೀನವ್ವ, ಸುಟ್ಟರ ಇನ್ನೊಂದು ಎಲ್ಲಿಂದ ತರೂದು? ಅಲ್ಲೀತನಕ ಸಿಲಿಂಡರ್ ಐತಲ್ಲ."

"ದಿನಾ ಹಿಂಗ ಮಾಡ್ತಿ?"

"ದಿನಾ. ನೀನೂ ಮಾಡ್ತಿದ್ದ್ಯಲ್ಲ! ಕೈ ಮುಟ್ಟೂದಿಲ್ಲಂತ ಸ್ಟೂಲ್ ಹಾಕ್ಕೊಂಡು ನಿಂದರ್ತಿದ್ದಿ." ಅತ್ತೆ ನಗುತ್ತ ಮಜ್ಜಿಗೆ ತರಲು ಒಳಗೆ ಹೋದಳು.

ನೀಲಗಂಗಾ ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟಳು. ಹೌದು, ಅವಳಿಗೆ ಗೊತ್ತಿತ್ತು. ಮಗ್ಗ ಓಡುತ್ತಿರುವಾಗ ಕರೆಂಟು ಹೋದರೆ ನೂಲು ಹೊತ್ತು ಅತ್ತಿತ್ತ ಓಡುವ ಲಾಳಿ ಹಾಸಿನ ಎಳೆಗಳ ನಡುವೆಯೇ ನಿಂತುಬಿಡುತ್ತದೆ. ಅದನ್ನು ಹೊರತೆಗೆಯುವ ಮುಂಚೆ ಕರೆಂಟು ತಟ್ಟನೆ ಮರಳಿತೋ, ನೂರಾರು ಎಳೆಗಳು ಒಂದೇ ಏಟಿಗೆ ಹರಿದುಹೋಗುತ್ತವೆ. ಹಾಗಾಗಿ ಈ ಓಣಿಯಲ್ಲಿ ಕರೆಂಟು ಹೋದ ಕ್ಷಣ ಮೇನ್ ಇಳಿಯುತ್ತದೆ. ಮರಳಿದ ಮೇಲೂ ಅದು ನೆಲೆಯೂರಿತೆಂದು ಖಾತ್ರಿಯಾಗುವವರೆಗೆ ಏರುವುದಿಲ್ಲ. ಮಗ್ಗಕ್ಕೆ ಕಲಿತದ್ದನ್ನು ಜನ ಟೀವಿಗೂ ಫ್ರಿಜ್ಜಿಗೂ, ಕಡೆಗೆ ಉಸಿರಿನ ಮಷೀನಿಗೂ ಕಲಿತಿದ್ದರು. ಹೊಸ ಮೀಟರುಗಳು ಕರೆಂಟಿನ ಆ ಏಟನ್ನು ತಡೆಯುತ್ತವೆ. ಅದನ್ನು ಈ ಓಣಿಗೆ ಬಂದು ಹೇಳಬೇಕೆಂದು ಅವಳಿಗೆ ತೋಚಿರಲೇ ಇಲ್ಲ. ಕತ್ತಲೆಯೇ ಇರದ ಮನೆಯಲ್ಲಿ ಹದಿನೈದು ವರ್ಷ ಬದುಕಿ ಆ ಕಬ್ಬಿಣದ ಹಿಡಿಯನ್ನೇ ಅವಳ ಕೈ ಮರೆತಿತ್ತು.

ಮೀಟರು ಸುಳ್ಳು ಹೇಳಿರಲಿಲ್ಲ. ಮೊದಲ ಮೂರು ನಿಮಿಷ ಈ ಮನೆ ಏನನ್ನೂ ಕುಡಿಯಲಿಲ್ಲವೆಂದು ದಿನವೂ ನಿಷ್ಠೆಯಿಂದ ವರದಿ ಮಾಡಿತ್ತು. ಅದನ್ನು ಬಾಯಾರಿಕೆಯಿಲ್ಲವೆಂದು ಓದಿದವಳು ಅವಳು. ಕಡಿಮೆ ಅಂಕಕ್ಕೆ ಹೆಚ್ಚು ಕತ್ತಲೆ. ಹೆಚ್ಚು ಕತ್ತಲೆಗೆ ಹೆಚ್ಚು ಎಚ್ಚರಿಕೆ. ಎಚ್ಚರಿಕೆ ಹೆಚ್ಚಿದಷ್ಟೂ ಅಂಕ ಇನ್ನೂ ಕೆಳಗೆ.

"ಏನಾತು ನೀಲಾ?" ಮಾಮಾ ಅವಳನ್ನೇ ನೋಡುತ್ತಿದ್ದರು. "ಮಾರಿ ಬೆಳ್ಳಗಾತಲ್ಲ."

ಹೇಳಬಾರದಿತ್ತು. ಆದರೆ ಹೇಳದೆ ಎದೆಯಲ್ಲಿಟ್ಟುಕೊಳ್ಳುವ ಶಕ್ತಿ ಆ ಗಳಿಗೆ ಅವಳಿಗಿರಲಿಲ್ಲ. ನಾಲ್ಕು ಮಾತಿನಲ್ಲಿ ಹೇಳಿದಳು. ಮಾಮಾ ಕಣ್ಣು ಮುಚ್ಚಿ ಕೇಳಿದರು.

"ಅಂದ್ರ, ಅಕಿ ಮೇನ್ ಇಳಿಸ್ಕೋತ ಹೋದಂಗ ಕರೆಂಟ್ ಕಡಿಮಿ ಆಗ್ಕೋತ ಬಂತು."

"ತಪ್ಪು ಅತ್ತೀದಲ್ಲ ಮಾಮಾ, ನಂದು. ನಾ ಲೆಕ್ಕಾ ಹಾಕಿದ್ದು ತಪ್ಪು."

"ನಿಂದೋ ಮತ್ತೊಬ್ಬರದೋ, ಅದನ್ನ ನೀ ನೋಡ್ಕೋ." ಅವರು ಅವಳ ಕೈ ಹಿಡಿದರು. ಅವರ ಬೆರಳ ತುದಿಗಳು ಇನ್ನೂ ನೀಲಿಯಾಗಿದ್ದವು. "ಅಕೀಗೆ ಹೇಳಬ್ಯಾಡ. ತನ್ನ ಕೈಯಿಂದ ಹಿಂಗಾತು ಅಂತ ತಿಳದ್ರ ಅಕಿ ಉಣ್ಣೂದು ಬಿಡ್ತಾಳ. ಮಾತು ಕೊಡು."

"ಹೇಳಂಗಿಲ್ಲ ಮಾಮಾ."

ಅತ್ತೆ ಮಜ್ಜಿಗೆಯ ತಂಬಿಗೆ ಹಿಡಿದು ಬಂದಳು. ನೀಲಗಂಗಾ ಇನ್ವರ್ಟರ್ ಜೋಡಿಸಿ ಮುಗಿಸಿ, "ಇನ್ನ ಮೇನ್ ಇಳಸೂದು ಬ್ಯಾಡ ಅತ್ತಿ, ಜೋರ್ ಬಂದ್ರ ಇದ ತಡಕೋತೈತಿ" ಎಂದಳು. ಅತ್ತೆ ಹೂಂಗುಟ್ಟಿದಳು, ಅಷ್ಟು ನಂಬಿಕೆ ಬಂದಂತೆ ಕಾಣಲಿಲ್ಲ.

ಎರಡು ದಿನ ಕಳೆದು ಇಮ್ತಿಯಾಜ್ ಅವಳನ್ನು ನಕ್ಷೆಯ ಮುಂದೆ ಕರೆದ. "ಮೇಡಂ, ನಿಮ್ಮ ಅತ್ತಿಯವರ ಮನಿ ಒಂದರಿಂದ ಒಂಬತ್ತಕ್ಕ ಜಿಗದೈತಿ. ಏನ್ ಮಾಡಿದ್ರಿ?"

"ನನ್ನ ಇನ್ವರ್ಟರ್ ಕೊಟ್ಟೆ, ಅಷ್ಟ."

ಅಂದ ಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಕರೆಂಟು ಬಂದೊಡನೆ ಬರಿದಾದ ಬ್ಯಾಟರಿ ಬಾಯ್ದೆರೆದು ಎಳೆದುಕೊಳ್ಳುತ್ತದೆ. ಇಮ್ತಿಯಾಜ್ ಒಂಬತ್ತು ಹತ್ತರ ಮನೆಗಳನ್ನಷ್ಟೇ ಉಳಿಸಿ ಮಿಕ್ಕ ಚುಕ್ಕಿಗಳನ್ನು ಅಳಿಸಿದ. ಉಳಿದವು ಹೊಸ ಬಡಾವಣೆಗಳು. ಇನ್ವರ್ಟರ್ ಇಲ್ಲದ ಮನೆ ಅಲ್ಲಿ ಹುಡುಕಿದರೂ ಸಿಗದು. ಇನ್ವರ್ಟರ್ ಬೆಟಗೇರಿಗೆ ಹೋಗುವ ತನಕ ನೀಲಗಂಗಾಳ ಮನೆಗೂ ಹತ್ತಕ್ಕೆ ಹತ್ತು. ಒಂದರ ಮನೆಗಳನ್ನು ಉಳಿಸಿದಾಗ ನೇಕಾರರ ಓಣಿ ಅಂಗಾಲಿನಿಂದ ನೆತ್ತಿಯವರೆಗೆ ಮೂಡಿ ನಿಂತಿತು.

"ಕತ್ತಲಿ ಅಂದ್ರೇನಂತ ಗೊತ್ತಿಲ್ಲದವರಿಗೆ ಬೆಳಕ ಹಂಚೀವಿ ಮೇಡಂ," ಎಂದ ಇಮ್ತಿಯಾಜ್. ತನ್ನ ಮನೆಯ ಚುಕ್ಕಿಯ ಮೇಲೆ ಬೆರಳಿಟ್ಟು, "ನಮ್ಮನೀನೂ ಹತ್ತ" ಎಂದ.

ಬಳಿಗಾರರು ಎಲ್ಲವನ್ನೂ ಕೇಳಿ ಹಣೆ ಒರೆಸಿಕೊಂಡರು. ಅವರು ಕೆಟ್ಟವರಲ್ಲ, ವ್ಯವಸ್ಥೆಯನ್ನು ಅವತ್ತೇ ನಿಲ್ಲಿಸಿ ಬೇರೆ ಊರುಗಳದ್ದನ್ನು ಮುಂದಕ್ಕೆ ಹಾಕಲು ಒಪ್ಪಿದರು. "ಪ್ರಕಟಣಿಯಾಗ ತಾಂತ್ರಿಕ ಕಾರಣದಿಂದ ಮುಂದೂಡಲಾಗಿದೆ ಅಂತ ಒಂದ ಸಾಲು ಬರೀರಿ, ಸಾಕು. ಮೇನ್ ಸ್ವಿಚ್ಚು, ನೇಕಾರರು, ಇದೆಲ್ಲಾ ಯಾಕ ಬೇಕು? ನಾಳೆ ಊರ ಮಂದಿ ಅದನ್ನ ಹಿಡಕೊಂಡು ಜಗ್ಗಾಡ್ತಾರ. ನಿಮ್ಮ ಹೆಸರು ಕೆಡ್ತೈತಿ ತಂಗಿ."

ತನ್ನ ಹೆಸರಿನ ಚಿಂತೆ ಅವಳಿಗಿರಲಿಲ್ಲ. ಆದರೆ ಆ ಒಂದೇ ಸಾಲು ಅವಳ ಕಣ್ಣಿಗೆ ವರವಾಗಿ ಕಂಡಿತು. ಅಷ್ಟೇ ಬರೆದರೆ ಅತ್ತೆಗೆ ಎಂದಿಗೂ ಗೊತ್ತಾಗುವುದಿಲ್ಲ. ಮಾಮಾಗೆ ಕೊಟ್ಟ ಮಾತೂ ಉಳಿಯುತ್ತದೆ. ಮಧ್ಯಾಹ್ನವೆಲ್ಲ ಆ ಸಾಲನ್ನು ಬರೆದು ಅಳಿಸಿದಳು. ಹನ್ನೊಂದು ಊರುಗಳ ಹೆಸರು ಮೇಜಿನ ಮೇಲಿತ್ತು. ಅದರಲ್ಲಿ ಮಗ್ಗಗಳ ಊರುಗಳೂ ಇದ್ದವು. ಕಾರಣ ತಿಳಿಯದಿದ್ದರೆ ಅಲ್ಲಿನ ಎಂಜಿನಿಯರುಗಳು ಮೂರು ನಿಮಿಷದ ಬದಲು ಐದು ನಿಮಿಷ ನೋಡಿ ಅದೇ ತಪ್ಪನ್ನು ಇನ್ನಷ್ಟು ಅಚ್ಚುಕಟ್ಟಾಗಿ ಮಾಡುತ್ತಾರೆ. ಹಾಗೆ ಮಾಡುವವರು ದಡ್ಡರಾಗಿರುವುದಿಲ್ಲ, ತನ್ನಂಥವರೇ ಆಗಿರುತ್ತಾರೆ. ಅಲ್ಲಿಯೂ ಯಾವುದೋ ಮನೆಯಲ್ಲಿ ಒಬ್ಬಳು ಕರೆಂಟು ಹೋದೊಡನೆ ಓಡಿಬಂದು ಹಿಡಿ ಇಳಿಸುತ್ತಿರುತ್ತಾಳೆ.

ಅವಳು ಎಲ್ಲವನ್ನೂ ಬರೆದಳು. ಮೇನ್ ಇಳಿಸುವ ರೂಢಿ, ಅದು ಎಲ್ಲಿಂದ ಬಂತು, ಅದನ್ನು ದಾಹಾಂಕ ಹೇಗೆ ತಪ್ಪಾಗಿ ಓದಿತು, ಆ ಓಣಿಯ ಒಬ್ಬ ರೋಗಿಗೆ ಏನಾಯಿತು. ರೋಗಿಯ ಹೆಸರು ಬರೆಯಲಿಲ್ಲ. ಬರೆಯದಿದ್ದರೂ ಬೆಟಗೇರಿಯಲ್ಲಿ ಯಾರೆಂದು ತಿಳಿಯದವರಿರಲಿಲ್ಲ.

ಮತ್ತೆ ಓಣಿಗೆ ಓಣಿಯಂತೆ ಸರದಿಯ ಕತ್ತಲೆ ಶುರುವಾಯಿತು. ನೀಲಗಂಗಾಳ ಬಡಾವಣೆಯಲ್ಲಿ ಬ್ಯಾಟರಿಗಳೂ ಬತ್ತಿ ಜನ ಬೀಸಣಿಗೆ ಹುಡುಕಿದರು. ಎದುರುಮನೆಯ ಹೆಂಗಸು ಗೇಟಿಗೆ ಆತು ನಿಂತು, "ಏನ್ರೀ ಮೇಡಂ, ನಿಮ್ಮ ಮಷೀನಿಗೆ ಬಾಯಾರಿಕಿ ನಿಂತೇನು?" ಎಂದು ಕೇಳಿದಳು. ಈ ಮಾತು ಚುಚ್ಚಲಿಲ್ಲ. ಯಾರಾದರೂ ಹೀಗೆ ಬೈಯುತ್ತಿದ್ದರೆ ಸಾಕೆನ್ನಿಸುತ್ತಿತ್ತು ಅವಳಿಗೆ.

ಪ್ರಕಟಣೆಯ ಸುದ್ದಿ ಸಂಜೆಗೆ ಬರುತ್ತದೆಂದು ಟೀವಿಯವರು ಹೇಳಿದ್ದರು. ಅದಕ್ಕೆ ಮುಂಚೆ ತಾನೇ ಹೇಳಬೇಕೆಂದು ಅವಳು ಬೆಳಿಗ್ಗೆಯೇ ಬೆಟಗೇರಿಗೆ ಹೋದಳು. ಅತ್ತೆ ಹೊರಗಿನ ಕಟ್ಟೆಯ ಮೇಲೆ ಕೂತು ಮೆಂತೆಪಲ್ಲೆ ಬಿಡಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು:

"ಟೀವಿಯಾಗ ಬಂತು, ಈಗ. ನಿನ್ನ ಫೋಟೋ ತೋರ್ಸಿದ್ರು. ಛಲೋ ಇತ್ತು ಫೋಟೋ."

ನೀಲಗಂಗಾ ಕಟ್ಟೆಯ ಅಂಚಿಗೆ ಕೂತಳು. "ಅತ್ತಿ..."

"ನೀ ಬರದದ್ದು ಖರೆ ಐತೇನು?"

"ಖರೆ ಐತಿ. ಆದ್ರ ತಪ್ಪು ನಿಂದಲ್ಲ. ನೀ ಮಾಡಿದ್ದು ಸರಿ ಇತ್ತು, ನಾ ಅದನ್ನ ತಿಳಕೊಂಡದ್ದು..."

"ತಪ್ಪು ಯಾರದಂತ ನಾ ಕೇಳಲಿಲ್ಲಲ್ಲ." ಎಲೆಗಳು ಬುಟ್ಟಿಗೆ, ಕಡ್ಡಿಗಳು ನೆಲಕ್ಕೆ ಬೀಳುತ್ತಿದ್ದವು. "ಕೈ ಯಾರದಂತ ನನಗ ಗೊತ್ತೈತಿ."

ಓಣಿಯಲ್ಲಿ ಮಗ್ಗಗಳು ಓಡುತ್ತಿದ್ದವು. ನೀಲಗಂಗಾ ಏನೇನೋ ಹೇಳಿದಳು. ಯಾರ ಮನೆಯಲ್ಲಾದರೂ ಹಾಗೇ ಆಗುತ್ತಿತ್ತು ಎಂದಳು. ಮೀಟರುಗಳ ಬಗ್ಗೆ ತಾನೇ ಬಂದು ಹೇಳಬೇಕಿತ್ತು ಎಂದಳು. ಬೈಯಿ ಎಂದಳು. ಅತ್ತೆ ಬೈಯಲಿಲ್ಲ. ಸೊಪ್ಪಿನ ಸೂಡು ಮುಗಿದ ಮೇಲೆ ಕೈ ಕೊಡವಿಕೊಂಡು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಇವರಿಗೆ ಗೊತ್ತಿಲ್ಲ. ಆ ಸುದ್ದಿ ಸುರು ಆದ ಕೂಡ್ಲೇ ನಮ್ಮ ಟೀವಿ ಬಂದ್ ಮಾಡಿ ಬಾಜೂ ಮನಿಯಾಗ ಹೋಗಿ ನೋಡಿದೆ. ಒಳಗ ಹೋಗಿ ಬಾಯಿ ಬಿಡಬ್ಯಾಡ ನೀಲಾ. ಹೆಂಡ್ತಿ ಕೈಯಿಂದ ಹಿಂಗಾತು ಅಂತ ಎದಿಯಾಗ ಇಟಗೊಂಡು ಆ ಮನಶಾ ಹೋಗೂದು ಬ್ಯಾಡ. ನನ್ನ ಮ್ಯಾಲೆ ಆಣಿ ಮಾಡು."

ನೀಲಗಂಗಾ ಬಾಯಿ ತೆರೆದಳು. ಒಳಗಿರುವ ಮನುಷ್ಯನಿಗೆ ಎಲ್ಲ ಗೊತ್ತಿದೆ ಎಂಬ ಮಾತು ನಾಲಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಗಂಡನಿಗೆ ನೋವು ತಾಗದಂತೆ ಕಾಯುವ, ಅತ್ತೆಗೆ ಉಳಿದಿರುವ ಒಂದೇ ಕೆಲಸವನ್ನೂ ಕಿತ್ತುಕೊಂಡಂತೆ. ಅತ್ತೆಯ ತಲೆಯ ಮೇಲೆ ಕೈಯಿಟ್ಟಳು. ಒಳಗೆ ಹೋದಳು.

ಮಾಮಾ ಎಚ್ಚರವಾಗಿಯೇ ಇದ್ದರು. ಹತ್ತಿರ ಬರುವಂತೆ ಬೆರಳಾಡಿಸಿದರು. ಮಷೀನಿನ ಗೊರಗೊರದ ನಡುವೆ ಅವರ ಮಾತು ಕೇಳಲು ಅವಳು ಬಗ್ಗಬೇಕಾಯಿತು.

"ಟೀವಿ ಬಂದ್ ಮಾಡಿದ್ಲು, ಯಾಕಂತ ತಿಳೀಲಿಲ್ಲ. ಅಕೀಗೆ ಏನೂ ಗೊತ್ತಾಗಿಲ್ಲಲ್ಲ?"

"ಇಲ್ಲ ಮಾಮಾ," ಎಂದಳು ನೀಲಗಂಗಾ. "ಅತ್ತಿಗೆ ಏನೂ ಗೊತ್ತಿಲ್ಲ."

ಅವರು ನೆಮ್ಮದಿಯಿಂದ ತಲೆಯಾಡಿಸಿದರು. ಆಮೇಲೆ, ಹೊರಗೆ ಕೇಳುವಷ್ಟು ಬಲ ಕೂಡಿಸಿಕೊಂಡು ಕೂಗಿದರು: "ಏ, ಹುಡುಗಿ ಬಂದು ಎಷ್ಟ ಹೊತ್ತಾತು! ಚಾ ಮಾಡ್ತೀಯೋ, ನಾನ ಏಳಲೋ?"

"ಏಳ್ರಿ, ಏಳ್ರಿ, ನೋಡೂಣು," ಎಂದು ಅತ್ತೆ ಕಟ್ಟೆಯ ಮೇಲಿನಿಂದಲೇ ನಗುತ್ತ ಉತ್ತರ ಕೊಟ್ಟಳು.

ಇಬ್ಬರ ದನಿಯೂ ಎಂದಿನಂತೆಯೇ ಇತ್ತು. ಹಾಗಿರಿಸಲು ಒಬ್ಬೊಬ್ಬರಿಗೂ ಎಷ್ಟು ಕಷ್ಟವಾಗುತ್ತಿದೆಯೆಂದು ಆ ಮನೆಯಲ್ಲಿ ಬಲ್ಲವಳು ಅವಳೊಬ್ಬಳೇ.